ಲೆಸ್ಲಿ ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (1878–1954) ಕೆನಡಾ ಮೂಲದ ಸಸ್ಯರೋಗ ವಿಜ್ಞಾನಿ ಮತ್ತು ಕೀಟಶಾಸ್ತ್ರಜ್ಞ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದರು. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗದ ಕಾರಕ ಜೀವಿಯನ್ನು ವರ್ಣಿಸಿ ಹೆಸರಿಸಿದವರು, ಅದರ ತಡೆಗೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದವರು ಇವರೇ.

ಶಿಕ್ಷಣ

ಕೋಲ್ಮನ್ ಹುಟ್ಟಿದ್ದು ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ. ಟೊರೊಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿದ ಬಳಿಕ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. ಮಣ್ಣಿನ ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳನ್ನು ಕುರಿತ ಅವರ ಜರ್ಮನ್ ಪ್ರಬಂಧ 1908ರಲ್ಲಿ ಪ್ರಕಟವಾಯಿತು. ಈ ಬ್ಯಾಕ್ಟೀರಿಯಾಗಳು ಪ್ರಯೋಗಾಲಯದ ಸಾಮಾನ್ಯ ಪೋಷಕ ಮಾಧ್ಯಮಗಳಲ್ಲಿ ಬೆಳೆಯುವುದಿಲ್ಲ. ಅವುಗಳನ್ನು ಬೇರ್ಪಡಿಸಲು ಅಪಾರ ತಾಳ್ಮೆ ಬೇಕು. ಮುಂದೆ ಮೈಸೂರಿನಲ್ಲಿ ಅವರಿಗೆ ಒದಗಿದ್ದು ಇದೇ ತರಬೇತಿ.

ಕೊಳೆರೋಗದ ಅಧ್ಯಯನ

1908ರಲ್ಲಿ ಅವರು ಮೈಸೂರು ಸರ್ಕಾರದ ಶಿಲೀಂಧ್ರಶಾಸ್ತ್ರಜ್ಞ ಹಾಗೂ ಕೀಟಶಾಸ್ತ್ರಜ್ಞರಾಗಿ ನೇಮಕಗೊಂಡರು. ಆ ಕಾಲದಲ್ಲಿ ಮುಂಗಾರು ಬಿರುಸಾದೊಡನೆ ಅಡಿಕೆಯ ಎಳೆಗಾಯಿಗಳು ಕೊಳೆತು, ಬಿಳಿಯ ಬೂಸ್ಟು ಹಿಡಿದು ಉದುರುತ್ತಿದ್ದವು. ಕೆಲವೊಮ್ಮೆ ಸುಳಿಯೇ ಕೊಳೆತು ಮರವೂ ಸಾಯುತ್ತಿತ್ತು. ಹಾಳೆ ಅಥವಾ ಹುಲ್ಲಿನ ಕೊಟ್ಟೆಗಳನ್ನು ಗೊನೆಗೆ ಕಟ್ಟಿ ಮಳೆನೀರು ತಾಗದಂತೆ ಕಾಯುವುದು ಬೆಳೆಗಾರರಿಗೆ ತಿಳಿದಿದ್ದ ಉಪಾಯ. ಅದು ತಕ್ಕಮಟ್ಟಿಗೆ ಫಲ ಕೊಡುತ್ತಿತ್ತು. ಆದರೆ ಗೊನೆಗೊಂದರಂತೆ ಕೊಟ್ಟೆ ಹೆಣೆದು ಕಟ್ಟಿಸುವ ಶ್ರಮ ಕಡಿಮೆಯದಾಗಿರಲಿಲ್ಲ.

ರೋಗಕ್ಕೆ ಫೈಟಾಫ್ಥೊರ ಕುಲದ ಜೀವಿ ಕಾರಣವೆಂದು ಕೋಲ್ಮನ್ ತೋರಿಸಿದರು. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಳೆಗೂ ರೋಗಕ್ಕೂ ಇರುವ ನಂಟು ಇದರಿಂದ ಸ್ಪಷ್ಟವಾಗುತ್ತದೆ. ಕಠಿಣವಾಗಿದ್ದುದು ವರ್ಗೀಕರಣ. ಆಗ ಈ ಕುಲದ ಅನೇಕ ರೂಪಗಳನ್ನು ಫೈಟಾಫ್ಥೊರ ಆಮ್ನಿವೊರ ಎಂಬ ಒಂದೇ ಪ್ರಭೇದದಡಿ ಸೇರಿಸಲಾಗುತ್ತಿತ್ತು. ಅಡಿಕೆಯ ಜೀವಿ ಅದರೊಂದಿಗೆ ಪೂರ್ತಿ ಹೊಂದುತ್ತಿರಲಿಲ್ಲ. 1910ರಲ್ಲಿ ಕೋಲ್ಮನ್ ಅದನ್ನು ಹೊಸ ಪ್ರಭೇದವೆನ್ನದೆ, ಆಮ್ನಿವೊರದ 'ಅರೆಕೆ' ಎಂಬ ಉಪಬಗೆಯೆಂದು ವರ್ಣಿಸಿದರು. ಎಚ್ಚರಿಕೆಯ ಈ ನಿಲುವು ಹೆಚ್ಚು ಕಾಲ ಉಳಿಯಲಿಲ್ಲ. 1913ರಲ್ಲಿ ಪೆಥಿಬ್ರಿಜ್ ಅದನ್ನು ಫೈಟಾಫ್ಥೊರ ಅರೆಕೆ ಎಂಬ ಸ್ವತಂತ್ರ ಪ್ರಭೇದವಾಗಿಸಿದರು. ಅಲ್ಲಿಗೂ ಚರ್ಚೆ ಮುಗಿಯಲಿಲ್ಲ: ಅರೆಕೆಯನ್ನು ಪಾಮಿವೊರ ಪ್ರಭೇದದೊಳಗೆ ಸೇರಿಸಬೇಕೆಂದವರಿದ್ದಾರೆ, ಕರ್ನಾಟಕದ ಕೊಳೆರೋಗದಲ್ಲಿ ಮೀಡಿಯೈ ಎಂಬ ಇನ್ನೊಂದು ಪ್ರಭೇದವನ್ನು ಗುರುತಿಸಿದವರೂ ಇದ್ದಾರೆ. ಇಡೀ ಕುಲವನ್ನೇ ಈಗ ನಿಜವಾದ ಶಿಲೀಂಧ್ರಗಳಿಂದ ಬೇರ್ಪಡಿಸಿ ಊಮೈಸೀಟ್‌ಗಳ ಗುಂಪಿನಲ್ಲಿ ಇರಿಸಲಾಗಿದೆ. ಕಾಫಿಯ ಕೊಳೆರೋಗ ಇದಲ್ಲ. ಅದಕ್ಕೆ ಬೇರೆಯೇ ಶಿಲೀಂಧ್ರ ಕಾರಣ.

ಹೆಸರು ಬದಲಾದರೂ ಮದ್ದು ಬದಲಾಗಲಿಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ಹೊಂದಿಸಿದರು. ಮಲೆನಾಡಿನ ಮಳೆಗೆ ತೊಳೆದುಹೋಗದಂತೆ ಅದಕ್ಕೆ ರಾಳ ಮತ್ತು ಸೋಡದ ಅಂಟು ಸೇರಿಸಿದರು. ಮೈಲುತುತ್ತ ಮತ್ತು ಸುಣ್ಣ ತಲಾ ಒಂದು ಕಿಲೋವನ್ನು 100 ಲೀಟರ್ ನೀರಿಗೆ ಬೆರೆಸಿ, ಮಳೆಗಾಲಕ್ಕೆ ಮುನ್ನ ಒಮ್ಮೆ, ನಡುವೆ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸುವುದು ಇಂದಿಗೂ ನಡೆದುಬಂದಿರುವ ಕ್ರಮ.

ಶ್ರೀಗಂಧದ ಸ್ಪೈಕ್ ರೋಗ

ಕೊಡಗಿನಿಂದ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವರೆಗೂ ಶ್ರೀಗಂಧ ಸಹಜವಾಗಿ ಬೆಳೆಯುತ್ತದೆ. ಸಂಸ್ಥಾನದ ಬೊಕ್ಕಸಕ್ಕೆ ಗಂಧ ದೊಡ್ಡ ಆದಾಯ ತರುತ್ತಿತ್ತು. 19ನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗದಿಂದ ಎಲೆಗಳು ಕಿರಿದಾಗಿ ಮುಳ್ಳಿನಂತೆ ನಿಮಿರಿ, ಕೆಲವೇ ವರ್ಷಗಳಲ್ಲಿ ಮರ ಒಣಗುತ್ತಿತ್ತು. ರೋಗಿಷ್ಠ ಮರದ ಕುಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿದರೆ ರೋಗ ಹರಡುತ್ತದೆಂದು ಕೋಲ್ಮನ್ ತೋರಿಸಿದರು. ಕಾರಣ ಬರಿಯ ಬರಗಾಲವೋ ಮಣ್ಣಿನ ದೋಷವೋ ಅಲ್ಲ, ಸೋಂಕು ಎಂಬುದು ಇದರಿಂದ ಖಚಿತವಾಯಿತು.

ಆದರೆ ಆ ಸೋಂಕಿನ ಜೀವಿಯನ್ನು ಅವರು ಕಾಣಲಾಗಲಿಲ್ಲ, ಅಂದಿನ ಸೂಕ್ಷ್ಮದರ್ಶಕಗಳಿಗೆ ಅದು ನಿಲುಕುವಂತಿರಲಿಲ್ಲ. 1969ರಲ್ಲಿ, ಕೋಲ್ಮನ್ ತೀರಿಕೊಂಡ 15 ವರ್ಷಗಳ ಬಳಿಕ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಗಂಧದ ಆಹಾರವಾಹಕ ಅಂಗಾಂಶದಲ್ಲಿ ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾಗಳು ಪತ್ತೆಯಾದವು. ಫೈಟೋಪ್ಲಾಸ್ಮ ಎಂಬ ಈ ಜೀವಿಗಳನ್ನು ಶುದ್ಧ ಕೃಷಿಯಲ್ಲಿ ಬೆಳೆಸುವುದು ಅತಿ ಕಷ್ಟವಾದ್ದರಿಂದ, ಅವುಗಳ ವರ್ಗೀಕರಣ ರೈಬೋಸೋಮಿನ ಜೀನ್‌ಗಳ ಹೋಲಿಕೆಯನ್ನು ಅವಲಂಬಿಸಿದೆ. ಸ್ಪೈಕ್ ರೋಗದ ಜೀವಿಯನ್ನು ಆಸ್ಟರ್ ಯೆಲ್ಲೋಸ್ ಗುಂಪಿಗೆ ಸೇರಿಸಲಾಗಿದೆ.

ಸಂಸ್ಥೆಗಳು ಮತ್ತು ನಂತರದ ಜೀವನ

1913ರಲ್ಲಿ ಕೋಲ್ಮನ್ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಗುವಲ್ಲಿ ಅವರ ಪಾತ್ರ ದೊಡ್ಡದು. ಕೀಟಶಾಸ್ತ್ರದಲ್ಲಿ ಅವರ ಸಹಾಯಕರಾಗಿದ್ದ ಕೆ. ಕುಞಿಕಣ್ಣನ್ ಮುಂದೆ ಆ ವಿಭಾಗವನ್ನು ವಹಿಸಿಕೊಂಡರು. ಜೋಳದ ಬೆಳೆಗೆ ಬೀಳುವ ರೆಕ್ಕೆಯಿಲ್ಲದ ಮಿಡತೆಯನ್ನು 1910ರಲ್ಲಿ ವರ್ಣಿಸಿದ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್, ಅದರ ಕುಲಕ್ಕೆ ಕೋಲ್ಮೇನಿಯ ಎಂದು ಹೆಸರಿಟ್ಟರು.

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಕೋಲ್ಮನ್, ಅಲ್ಲಿ ಸಸ್ಯಕೋಶಗಳ ವರ್ಣತಂತುಗಳ ಅಧ್ಯಯನದಲ್ಲಿ ತೊಡಗಿದರು. 1954ರಲ್ಲಿ ನಿಧನರಾದರು.