ಬಿಸಿಎನ್‌ಎಫ್‌ನಲ್ಲಿರೋ ಆ ಕಾಡ್ ಯಾರು?

ಇಂಟರ್ನಲ್ಸ್‌ಗೆ ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್ ಅಂತ ಬಾಯಿಪಾಠ ಮಾಡಿದ್ದೆ. ಆ ಕಾಡ್ ಯಾರು ಅಂತ ಮಾತ್ರ ಗೊತ್ತಿರಲಿಲ್ಲ.

ಎಡ್ಗರ್ ಕಾಡ್ 1923ರಲ್ಲಿ ಇಂಗ್ಲೆಂಡಿನ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರ ಓದಿದರು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. 1948ರಲ್ಲಿ ನ್ಯೂಯಾರ್ಕ್‌ಗೆ ಹೋಗಿ ಐಬಿಎಂ ಸೇರಿದರು. ಸೆನೆಟರ್ ಮೆಕಾರ್ಥಿ ಕಮ್ಯುನಿಸ್ಟರನ್ನು ಹುಡುಕೋ ಹೆಸರಲ್ಲಿ ಜನರ ಬೆನ್ನುಬಿದ್ದಿದ್ದ ಕಾಲ ಅದು. ಬೇಸತ್ತು 1953ರಲ್ಲಿ ಕೆನಡಾಗೆ ಹೊರಟೇಬಿಟ್ಟರು. ಆಮೇಲೆ ಅಮೆರಿಕಕ್ಕೆ ಮರಳಿ, ಮಿಶಿಗನ್‌ನಲ್ಲಿ ಪಿಎಚ್‌ಡಿ ಮುಗಿಸುವಾಗ ವಯಸ್ಸು ನಲವತ್ತು ದಾಟಿತ್ತು. (ಬ್ಯಾಕ್‌ಲಾಗ್ ಇರೋರು ಧೈರ್ಯ ತಂದುಕೊಳ್ಳಿ.)

1970ರಲ್ಲಿ, ಐಬಿಎಂನ ಸ್ಯಾನ್ ಹೋಸೆ ಲ್ಯಾಬ್‌ನಲ್ಲಿದ್ದಾಗ, ಅವರ ಆ ಪ್ರಸಿದ್ಧ ಪೇಪರ್ ಬಂತು. ಡೇಟಾವನ್ನು ರಿಲೇಶನ್‌ಗಳಾಗಿ ನೋಡಿ ಅಂದಿದ್ದು ನಮಗೆಲ್ಲ ಗೊತ್ತು. ಆದ್ರೆ ಅದರಲ್ಲಿ ಇಂಡೆಕ್ಸ್ ಬಗ್ಗೆಯೂ ಒಂದು ಜಗಳ ಇದೆ. ಆಗಿನ ಕೆಲವು ಸಿಸ್ಟಮ್‌ಗಳಲ್ಲಿ ಪ್ರೋಗ್ರಾಮೇ ಇಂಡೆಕ್ಸನ್ನು ಹೆಸರು ಹಿಡಿದು ಕರೀಬೇಕಿತ್ತು. ಇಂಡೆಕ್ಸ್ ತೆಗೆದರೆ ಪ್ರೋಗ್ರಾಮ್ ಕೆಟ್ಟಿತು. ಇಂಡೆಕ್ಸ್ ಇರೋದು ವೇಗಕ್ಕೆ, ಅದು ಬಂದರೂ ಹೋದರೂ ಪ್ರೋಗ್ರಾಮ್ ಬದಲಾಗಬಾರದು ಅನ್ನೋದು ಕಾಡ್ ವಾದ.

ಇದರ ಬೆಲೆ ಗೊತ್ತಾಗೋದು ಬಿಡುವಿಲ್ಲದ ಡೇಟಾಬೇಸ್‌ನಲ್ಲಿ. ಬಿ-ಟ್ರೀ ಇಂಡೆಕ್ಸಿನ ತುಂಬಿದ ಪೇಜಿನ ಮಧ್ಯಕ್ಕೆ ಹೊಸ ಕೀ ಬಂದರೆ ಪೇಜ್ ಒಡೆದು, ಸುಮಾರು ಅರ್ಧ ಎಂಟ್ರಿಗಳು ಇನ್ನೊಂದು ಪೇಜಿಗೆ ಹೋಗುತ್ತವೆ. ಆ ಪೇಜ್ ಡಿಸ್ಕಿನಲ್ಲಿ ಪಕ್ಕದಲ್ಲೇ ಇರಬೇಕಂತಿಲ್ಲ. ದಿನಗಟ್ಟಲೆ ಹೀಗೇ ಆದರೆ ಅರೆಖಾಲಿ ಪೇಜುಗಳು, ಚೆಲ್ಲಾಪಿಲ್ಲಿಯಾದ ಕ್ರಮ. ಅದೇ ಫ್ರಾಗ್ಮೆಂಟೇಶನ್. ಒಂದೇ ಉತ್ತರಕ್ಕೆ ಜಾಸ್ತಿ ಪೇಜ್ ಓದಬೇಕಾಗುತ್ತೆ. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ರೀಇಂಡೆಕ್ಸ್ ಕನ್‌ಕರೆಂಟ್ಲಿ ಅನ್ನೋ ಕಮಾಂಡ್ ಇದೆ. ಹಳೇ ಇಂಡೆಕ್ಸ್ ಕೆಲಸ ಮಾಡ್ತಿರುವಾಗಲೇ ಹೊಸದನ್ನ ಕಟ್ಟಿ, ಕೊನೆಗೆ ಅದಲುಬದಲು ಮಾಡುತ್ತೆ. ಅಷ್ಟು ಹೊತ್ತು ಎರಡಕ್ಕೂ ಜಾಗ ಬೇಕು, ಅಷ್ಟೇ. ನಮ್ಮ ಸೆಲೆಕ್ಟ್ ಕ್ವೆರಿಯ ಒಂದಕ್ಷರವೂ ಬದಲಾಗಲ್ಲ. ಅದರಲ್ಲಿ ಇಂಡೆಕ್ಸಿನ ಹೆಸರೇ ಇಲ್ವಲ್ಲ!

ವಿಚಿತ್ರ ಅಂದ್ರೆ, ಇದು ಐಬಿಎಂಗೇ ರುಚಿಸಲಿಲ್ಲ. ಅವರ ಹಳೇ ಐಎಂಎಸ್ ಚೆನ್ನಾಗಿ ದುಡೀತಿತ್ತು. ಕೊನೆಗೆ ಸಿಸ್ಟಮ್ ಆರ್ ಅನ್ನೋ ಪ್ರಾಜೆಕ್ಟ್ ಶುರುವಾದರೂ ಅಲ್ಲಿ ಹುಟ್ಟಿದ್ದು ಎಸ್‌ಕ್ಯೂಎಲ್, ಕಾಡ್ ರೂಪಿಸಿದ್ದ ಆಲ್ಫಾ ಭಾಷೆ ಮೂಲೆ ಸೇರಿತು. 1979ರಲ್ಲಿ ಒರಾಕಲ್ ಐಬಿಎಂಗಿಂತ ಮೊದಲೇ ಮಾರುಕಟ್ಟೆಗೆ ಬಂತು. 1981ರಲ್ಲಿ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಆಮೇಲೆ ಎಲ್ಲ ಕಂಪನಿಗಳೂ ತಮ್ಮ ಸಾಮಾನಿಗೆ ರಿಲೇಶನಲ್ ಅಂತ ಚೀಟಿ ಅಂಟಿಸತೊಡಗಿದಾಗ, 1985ರಲ್ಲಿ ಸಿಟ್ಟಿನಿಂದಲೋ ಏನೋ ನಿಯಮಗಳ ಪಟ್ಟಿಯನ್ನೇ ಬರೆದರು. ಅದರ ಎಂಟನೆಯ ನಿಯಮ ಅದೇ ಹಳೇ ಜಗಳ: ಒಳಗಿನ ಸ್ಟೋರೇಜ್ ಬದಲಾದರೆ ಪ್ರೋಗ್ರಾಮ್‌ಗೆ ತಟ್ಟಬಾರದು.

2003ರ ಏಪ್ರಿಲ್ 18ರಂದು ಫ್ಲೋರಿಡಾದಲ್ಲಿ ತೀರಿಕೊಂಡರು. ನಮ್ಮ ಬ್ಯಾಚಿನವರು ಯಾರೂ ಆಗಿನ್ನೂ ಹುಟ್ಟಿರಲಿಲ್ಲ.