ಸೆರೆಮನೆಯ ಹೊರಬಾಗಿಲು ಮತ್ತು ಉಮಾಬಾಯಿ

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಹಿಂದೂಗಳೂ ಮುಸ್ಲಿಮರೂ ಸಮಾನ ಭಕ್ತಿಯಿಂದ ನಡೆದುಕೊಳ್ಳುವ ಚಾಂಗದೇವರ ಸನ್ನಿಧಿಯಿಂದಾಗಿ ಉತ್ತರ ಕರ್ನಾಟಕದ ಮನೆಮನೆಗೂ ಪರಿಚಿತ. 2016ರ ಜುಲೈ ಕೊನೆಯಲ್ಲಿ ಈ ಊರಿನ ಹೆಸರು ಬೇರೊಂದು ಕಾರಣಕ್ಕೆ ರಾಜ್ಯದಾದ್ಯಂತ ಕೇಳಿಬಂತು. ಮಹದಾಯಿ ನ್ಯಾಯಮಂಡಳಿಯು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ಜುಲೈ 27ರಂದು ತಿರಸ್ಕರಿಸಿತು. ಅದರ ಬೆನ್ನಲ್ಲೇ ನವಲಗುಂದದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು. ಆ ಬಳಿಕ ಪೊಲೀಸರು ಯಮನೂರಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಲಾಠಿ ಬೀಸಿದ ದೃಶ್ಯಗಳನ್ನು ನಾಡು ನೋಡಿತು. ಬಂಧಿತರಲ್ಲಿ ಅನೇಕರನ್ನು ದೂರದ ಬಳ್ಳಾರಿ, ಚಿತ್ರದುರ್ಗದ ಕಾರಾಗೃಹಗಳಿಗೆ ಕಳುಹಿಸಲಾಯಿತು.

ಲಾಠಿಯ ಬಗ್ಗೆ ಚರ್ಚೆಯಾಯಿತು, ನೀರಿನ ಬಗ್ಗೆಯೂ ಆಯಿತು. ಇನ್ನೂರು ಕಿಲೊಮೀಟರಿನಷ್ಟು ದೂರದ ಜೈಲಿಗೆ ಮಗನನ್ನೋ ಗಂಡನನ್ನೋ ಕಾಣಲು ಹೋಗಬೇಕಾದವರ ಬಗ್ಗೆ ಅಷ್ಟಾಗಿ ಆಗಲಿಲ್ಲ. ಎರೆ ಹೊಲದಲ್ಲಿ ಹೆಸರು ಬೆಳೆ ನಿಂತಿರುವ ಶ್ರಾವಣದ ದಿನಗಳವು. ಬಸ್ಸಿನ ಚಾರ್ಜು, ಕಳೆದುಹೋದ ಎರಡು ದಿನದ ಕೂಲಿ, ವಕೀಲರ ಶುಲ್ಕ, ಜಾಮೀನಿಗೆ ಬೇಕಾದ ಪಹಣಿ, ಇವೆಲ್ಲ ಸೇರಿದಾಗ ಒಬ್ಬನ ಬಂಧನದ ಬೆಲೆಯನ್ನು ಇಡೀ ಮನೆ ತೆರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಲೆಕ್ಕ ಸರ್ಕಾರದ ಯಾವ ಆಯವ್ಯಯದಲ್ಲಿಯೂ ಕಾಣಸಿಗಲಿಲ್ಲ. ಯಮನೂರಿನಿಂದ ಒಂದೆರಡು ತಾಸಿನ ಹಾದಿಯಲ್ಲಿರುವ ಹುಬ್ಬಳ್ಳಿಯಲ್ಲಿ, ತೊಂಬತ್ತು ವರ್ಷಗಳ ಹಿಂದೆಯೇ ಈ ಲೆಕ್ಕವನ್ನು ತಮ್ಮದೆಂದು ತಿಳಿದು ತೀರಿಸಿದ ಒಬ್ಬ ಮಹಿಳೆ ಇದ್ದರು. ಅವರೇ ಉಮಾಬಾಯಿ ಕುಂದಾಪುರ.

ಉಮಾಬಾಯಿಯವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತಂದೆ ಗೋಳಿಕೇರಿ ಕೃಷ್ಣರಾಯರು, ತಾಯಿ ಜುಂಗಾಬಾಯಿ. ತವರಿನಲ್ಲಿ ಇಟ್ಟ ಹೆಸರು ಭವಾನಿ. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಮುಂಬಯಿಯಲ್ಲಿದ್ದ ಅತ್ತೆಮನೆ ಮಾತ್ರ ಆ ಕಾಲದ ರೂಢಿಯದಾಗಿರಲಿಲ್ಲ. ಮಾವ ಆನಂದರಾಯರು ಸುಧಾರಣಾವಾದಿಗಳು. ಸ್ತ್ರೀಶಿಕ್ಷಣದಲ್ಲಿ ಅಚಲ ನಂಬಿಕೆಯುಳ್ಳವರು. ಮದುವೆಯ ನಂತರವೂ ಸೊಸೆ ಓದು ಮುಂದುವರಿಸಿದರು; ಇತರ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸದಲ್ಲಿಯೂ ತೊಡಗಿದರು. 1920ರಲ್ಲಿ ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ನಿಧನರಾದಾಗ ಕಂಡ ಜನಸಾಗರ ಅವರ ಮನಸ್ಸನ್ನು ಸ್ವಾತಂತ್ರ್ಯ ಚಳವಳಿಯತ್ತ ತಿರುಗಿಸಿತು.

ಸಂಜೀವರಾಯರು ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಮಗನನ್ನು ಕಳೆದುಕೊಂಡ ಮಾವ, ಗಂಡನನ್ನು ಕಳೆದುಕೊಂಡ ಸೊಸೆ ಹುಬ್ಬಳ್ಳಿಗೆ ಬಂದರು. ವಿಧವೆಯನ್ನು ಮೂಲೆಗೆ ಕೂಡಿಸುತ್ತಿದ್ದ ಕಾಲದಲ್ಲಿ ಆನಂದರಾಯರು ಸೊಸೆಯನ್ನು ಸಾರ್ವಜನಿಕ ಜೀವನಕ್ಕೆ ಕಳುಹಿಸಿದರು. ಕುಟುಂಬದ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ಜೀವನಾಧಾರವಾಯಿತು. ಹೆಣ್ಣುಮಕ್ಕಳ ತಿಲಕ ಕನ್ಯಾಶಾಲೆಯ ಹೊಣೆ ಉಮಾಬಾಯಿಯವರ ಹೆಗಲೇರಿತು. ಮಹಿಳೆಯರ ಸಂಘಟನೆಗಾಗಿ ಭಗಿನಿ ಮಂಡಳ ಹುಟ್ಟಿಕೊಂಡಿತು. ಡಾ. ನಾ.ಸು. ಹರ್ಡೀಕರ್ ಅವರು ಹಿಂದೂಸ್ತಾನಿ ಸೇವಾದಳ ಕಟ್ಟಿದಾಗ ಅದರ ಮಹಿಳಾ ವಿಭಾಗಕ್ಕೆ ಅವರೇ ನಾಯಕಿ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಊರೂರು ಸುತ್ತಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ಹೊಸ್ತಿಲು ದಾಟಿ ಅಭ್ಯಾಸವಿಲ್ಲದ ವಿಧವೆಯರೂ ಇದ್ದರು.

1932ರಲ್ಲಿ ಕಾನೂನುಭಂಗ ಚಳವಳಿ ಮತ್ತೆ ಆರಂಭವಾದಾಗ ಉಮಾಬಾಯಿಯವರ ಬಂಧನವಾಯಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರನ್ನು ಇರಿಸಿದ್ದು ಪುಣೆಯ ಯರವಾಡ ಕಾರಾಗೃಹದಲ್ಲಿ, ನಾಲ್ಕು ತಿಂಗಳ ಕಾಲ. ಅವರು ಒಳಗಿದ್ದಾಗಲೇ ಹುಬ್ಬಳ್ಳಿಯಲ್ಲಿ ಆನಂದರಾಯರು ತೀರಿಕೊಂಡರು. ತಂದೆಯ ಸ್ಥಾನದಲ್ಲಿ ನಿಂತು ಓದಿಸಿ, ಬೆಳೆಸಿ, ಹೊರಗೆ ಕಳುಹಿಸಿದ ಹಿರಿಯರ ಕೊನೆಯ ದರ್ಶನ ಸೊಸೆಗೆ ಸಿಗಲಿಲ್ಲ.

ಬಿಡುಗಡೆಯಾಗಿ ಮರಳಿದಾಗ ಅವರಿಗಾಗಿ ಏನೂ ಉಳಿದಿರಲಿಲ್ಲ. ಮುದ್ರಣಾಲಯವನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತ್ತು. ಭಗಿನಿ ಮಂಡಳ ಕಾನೂನುಬಾಹಿರವೆಂದು ಘೋಷಿತವಾಗಿತ್ತು. ವರಮಾನ, ವೃತ್ತಿ, ಸಂಘಟನೆ, ಹಿರಿಯರ ಆಸರೆ ಎಲ್ಲವೂ ನಾಲ್ಕೇ ತಿಂಗಳಲ್ಲಿ ಇಲ್ಲವಾಗಿದ್ದವು. ನಾಲ್ಕು ತಿಂಗಳ ಶಿಕ್ಷೆಯು ಒಂದು ಬದುಕಿನ ಬುಡವನ್ನೇ ಅಲುಗಿಸಬಲ್ಲದು ಎಂಬುದು ಅವರಿಗೆ ಅನುಭವದಿಂದ ತಿಳಿಯಿತು.

ಉಮಾಬಾಯಿಯವರ ಬದುಕಿನ ಅತ್ಯಂತ ಹಿರಿದಾದ ಕಾರ್ಯ, ನನ್ನ ದೃಷ್ಟಿಯಲ್ಲಿ, ಇಲ್ಲಿಂದ ಆರಂಭವಾಗುತ್ತದೆ. ಸತ್ಯಾಗ್ರಹದಲ್ಲಿ ಪಾಲ್ಗೊಂಡು ಶಿಕ್ಷೆ ಅನುಭವಿಸಿದ ಮಹಿಳೆಯರು ಆಗಾಗ ಗುಂಪುಗುಂಪಾಗಿ ಬಿಡುಗಡೆಯಾಗುತ್ತಿದ್ದರು. ಹೋಗುವಾಗ ಹೂಮಾಲೆ, ಜಯಕಾರ. ಬರುವಾಗ ಯಾರೂ ಇಲ್ಲ. ಕೆಲವರ ಕೈಯಲ್ಲಿ ಊರು ಸೇರಲು ಹಣವಿಲ್ಲ, ಕೆಲವರಿಗೆ ಬದಲಿಸಲು ಸೀರೆಯಿಲ್ಲ. ಜೈಲು ಕಂಡು ಬಂದ ಹೆಣ್ಣುಮಗಳನ್ನು ಮನೆಯವರು ಒಳಗೆ ಕರೆದುಕೊಳ್ಳುವರೇ ಎಂಬ ಅಂಜಿಕೆ ಬಹಳ ಮಂದಿಗೆ. ಅಂಥವರಿಗೆ ಉಮಾಬಾಯಿಯವರ ಪುಟ್ಟ ಮನೆ ತಂಗುದಾಣವಾಯಿತು. ಊಟ, ಬಟ್ಟೆ, ನಾಲ್ಕು ದಿನದ ವಿಶ್ರಾಂತಿ, ಕೊನೆಗೆ ಊರಿಗೆ ತಲುಪಲು ದಾರಿಯ ಖರ್ಚು. ತಾವೇ ಆದಾಯ ಕಳೆದುಕೊಂಡಿದ್ದ ಕಾಲದಲ್ಲಿ ಅವರು ಇದನ್ನೆಲ್ಲ ಮಾಡಿದರು ಎಂಬುದು ಗಮನಾರ್ಹ.

ಮುಂದಿನ ಬದುಕೂ ಇದೇ ಜಾಡಿನದು. 1934ರ ಭೂಕಂಪದಿಂದ ಬಿಹಾರ ತತ್ತರಿಸಿದಾಗ ಸ್ವಯಂಸೇವಕಿಯರೊಂದಿಗೆ ಅಲ್ಲಿಗೆ ತೆರಳಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1942ರ ಚಳವಳಿಯಲ್ಲಿ ಭೂಗತರಾಗಿದ್ದ ಕಾರ್ಯಕರ್ತರಿಗೆ ಅನ್ನ, ಆಸರೆ ನೀಡಿದರು. 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಅವರಿಗೆ ವಹಿಸಿದರು. ಗ್ರಾಮೀಣ ಮಹಿಳೆಯರ ತರಬೇತಿಯ ಆ ಕೆಲಸವನ್ನು ಮಾಡುತ್ತಲೇ ಅವರು ಸ್ವಾತಂತ್ರ್ಯವನ್ನು ಕಂಡರು. ಅಧಿಕಾರ ಬಯಸಲಿಲ್ಲ; ತಾಮ್ರಪತ್ರವನ್ನಾಗಲಿ, ಸ್ವಾತಂತ್ರ್ಯ ಯೋಧರ ಪಿಂಚಣಿಯನ್ನಾಗಲಿ ಸ್ವೀಕರಿಸಲಿಲ್ಲ. ಹುಬ್ಬಳ್ಳಿಯ ‘ಆನಂದ ಸ್ಮೃತಿ’ ಎಂಬ ಚಿಕ್ಕ ಮನೆಯಲ್ಲಿ, ಮಾವನ ನೆನಪಿನ ನೆರಳಿನಲ್ಲಿ, ನೂರು ವರ್ಷಗಳ ತುಂಬು ಬಾಳನ್ನು ಬಾಳಿ 1992ರಲ್ಲಿ ನಿಧನರಾದರು.

ಅವರ ಕಾಲದ ಸೆರೆಯಾಳುಗಳು ದೇಶಕ್ಕಾಗಿ ಒಳಗೆ ಹೋದವರು, ಇಂದಿನ ಕೈದಿಗಳೊಡನೆ ಹೋಲಿಕೆ ಸಲ್ಲದು ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಅಂದಿನ ಕಾನೂನಿನ ಕಣ್ಣಿಗೆ ಅವರೂ ಅಪರಾಧಿಗಳೇ ಆಗಿದ್ದರು. ಇಂದಿನ ಚಿತ್ರವನ್ನೂ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ ಸುಮಾರು 5.73 ಲಕ್ಷ ಬಂಧಿಗಳಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ನೀಡಿದೆ. ಜಾಮೀನು ಸಿಕ್ಕರೂ ಹಣವಿಲ್ಲದೆ ಒಳಗೇ ಉಳಿದ ಬಡ ವಿಚಾರಣಾಧೀನರಿಗೆ 40 ಸಾವಿರ ರೂಪಾಯಿವರೆಗೆ ನೆರವಾಗುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿತು. ಇವು ಸ್ವಾಗತಾರ್ಹ. ಆದರೆ ಹಕ್ಕು ಇದೆಯೆಂದು ಒಳಗಿರುವವನಿಗೂ ಅವನ ಮನೆಯವರಿಗೂ ಹೇಳಿ, ಅರ್ಜಿ ಬರೆದುಕೊಟ್ಟು, ಜೊತೆಗೆ ನಡೆಯುವವರು ಬೇಕಲ್ಲ?

ನನ್ನ ಸೇವಾವಧಿಯಲ್ಲಿ ಬಿಡುಗಡೆ ಎಂದರೆ ಕಡತದ ಕೊನೆಯ ಪುಟ. ಸಹಿ ಬಿದ್ದರೆ ಕಡತ ಮುಗಿಯಿತು. ಆ ಸಹಿಯ ನಂತರ ಆ ಮನುಷ್ಯ ಯಾವ ಬಸ್ಸು ಹತ್ತಿದ, ಟಿಕೆಟ್ಟಿಗೆ ಹಣವಿತ್ತೇ, ಮನೆಯ ಬಾಗಿಲು ತೆರೆಯಿತೇ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಉಮಾಬಾಯಿಯವರ ಕೆಲಸವೆಲ್ಲ ನಾನು ಮುಚ್ಚುತ್ತಿದ್ದ ಆ ಪುಟದ ಆಚೆಗಿನದು ಎಂಬುದು ನಿವೃತ್ತಿಯ ನಂತರವಷ್ಟೇ ಅರಿವಿಗೆ ಬಂತು.

ಇದಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಹತ್ತು ಮಂದಿ ನಿವೃತ್ತ ಶಿಕ್ಷಕರು, ನೌಕರರು, ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದೊಡನೆ ಕೈಜೋಡಿಸಿದರೆ ಸಾಕು. ತಿಂಗಳಿಗೊಮ್ಮೆ ಭೇಟಿಗೆ ಹೋಗುವ ತಾಯಿಯೊಬ್ಬಳಿಗೆ ಬಸ್ಸಿನ ಖರ್ಚು ಕೊಡಬಹುದು. ಅವಳ ಹೊಲದ ಕಳೆ ತೆಗೆಸಬಹುದು. ಬಿಡುಗಡೆಯ ದಿನ ಜೈಲಿನ ಬಾಗಿಲಲ್ಲಿ ಒಬ್ಬರು ನಿಂತಿರಬಹುದು. ಯಮನೂರಿನ ಚಾಂಗದೇವರ ಜಾತ್ರೆಗೆ ಬಂದವರ ಜಾತಿ, ಮತ, ಪೂರ್ವಾಪರಗಳನ್ನು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಸೆರೆಯಿಂದ ಮರಳಿದವರನ್ನೂ ಹಾಗೆಯೇ ಬರಮಾಡಿಕೊಳ್ಳುವುದು ಈ ಸೀಮೆಯ ಜನರಿಗೆ ಅಸಾಧ್ಯವೇನಲ್ಲ. ಎಲ್ಲವನ್ನೂ ಕಳೆದುಕೊಂಡ ಹುಬ್ಬಳ್ಳಿಯ ವಿಧವೆಯೊಬ್ಬರು ಅದನ್ನು ಆಗಲೇ ಮಾಡಿ ತೋರಿಸಿದ್ದಾರೆ.