ಚಿತ್ರಕಲಾತಪಸ್ವಿ ರಾಜಾ ರವಿವರ್ಮರು

ಪೂರ್ವದ ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ 1848ನೆಯ ಇಸವಿ ಏಪ್ರಿಲ್ 29ರಂದು ರವಿವರ್ಮರು ಜನ್ಮವೆತ್ತಿದರು. ಸೋದರಮಾವ ರಾಜರಾಜವರ್ಮರು ಸ್ವತಃ ಚಿತ್ರಕಾರರು. ಬಾಲಕನ ಪ್ರತಿಭೆಯನ್ನು ಗುರುತಿಸಿ ಮೊದಲ ಪಾಠಗಳನ್ನು ಹೇಳಿದವರು ಅವರೇ. ಹದಿನಾಲ್ಕನೆಯ ವಯಸ್ಸಿನಲ್ಲಿ ರವಿವರ್ಮರಿಗೆ ತಿರುವನಂತಪುರದಲ್ಲಿ ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯ ದೊರೆಯಿತು. 1868ರಲ್ಲಿ ಅಲ್ಲಿಗೆ ಬಂದ ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ತೈಲವರ್ಣದ ವಿದ್ಯೆಯನ್ನು ಬೋಧಿಸಲಿಲ್ಲ. ತಾನು ಬರೆಯುವುದನ್ನು ನೋಡಲು ಮಾತ್ರ ಒಪ್ಪಿದನು. ರವಿವರ್ಮರು ಏಕಲವ್ಯನಂತೆ ನೋಡಿಯೇ ಕಲಿತರು.

ರಾಜಬಂಧುಗಳು ಸಂಭಾವನೆ ಪಡೆದು ಚಿತ್ರ ಬರೆಯುವುದು ಅಂದು ಗೌರವದ ವೃತ್ತಿಯೆನಿಸಿರಲಿಲ್ಲ. 1870ರಲ್ಲಿ ಅವರು ಕೊಲ್ಲೂರಿಗೆ ಯಾತ್ರೆ ಮಾಡಿ ಶ್ರೀ ಮೂಕಾಂಬಿಕೆಯನ್ನು ಭಜಿಸಿದರು. ಹಿಂದಿರುಗುವಾಗ ಕೋಳಿಕ್ಕೋಡಿನಲ್ಲಿ ಕಿಳಕ್ಕೆಪಾಲಾಟ್ ಕೃಷ್ಣ ಮೇನೋನರ ಕುಟುಂಬದ ಭಾವಚಿತ್ರವನ್ನು ರಚಿಸಿದರು. ಸಂಭಾವನೆಗಾಗಿ ಬರೆದ ಮೊದಲ ಚಿತ್ರವದು. ಅಲ್ಲಿಂದ ಮುಂದೆ ಚಿತ್ರಲೇಖನವೇ ಅವರ ಜೀವನವೃತ್ತಿಯಾಯಿತು.

ಭಾವಚಿತ್ರವೆಂದರೆ ಮುಖದ ಹೋಲಿಕೆಯಷ್ಟೇ ಅಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು. ಉಡುಗೆ, ಮುಡಿ, ಒಡವೆ, ಕುಳಿತ ಭಂಗಿ ಇವೆಲ್ಲವೂ ವ್ಯಕ್ತಿಯ ನಾಡನ್ನೂ ಕುಲಾಚಾರವನ್ನೂ ಹೇಳುತ್ತವೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಗಾಯಕಿಯರ ಚಿತ್ರದಲ್ಲಿ ನಾಯರ್, ಮರಾಠಿ, ಮುಸಲ್ಮಾನ, ಪಾರ್ಸಿ ಮುಂತಾದ ನಾನಾ ಸಮುದಾಯಗಳ ಹನ್ನೊಂದು ಮಂದಿ ಸ್ತ್ರೀಯರು ತಂತಮ್ಮ ವೇಷಭೂಷಣಗಳೊಡನೆ ಒಂದೇ ಕಡೆ ನೆರೆದಿದ್ದಾರೆ. 1893ರಲ್ಲಿ ಅವರು ಷಿಕಾಗೋ ಪ್ರದರ್ಶನಕ್ಕೆ ಕಳುಹಿಸಿದ ಹತ್ತು ಚಿತ್ರಗಳು ಭಾರತೀಯ ಸ್ತ್ರೀಯರ ಬಾಳನ್ನು ತೋರಿಸಿ ಪದಕಗಳನ್ನು ಗಳಿಸಿದವು.

1888ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡ ಮಹಾರಾಜರು ಹದಿನಾಲ್ಕು ಪುರಾಣಚಿತ್ರಗಳನ್ನು ಅಪೇಕ್ಷಿಸಿದರು. ಸೀತೆಗೆ, ದಮಯಂತಿಗೆ ಯಾವ ನಾಡಿನ ಉಡುಗೆ ತೊಡಿಸುವುದು? ಇದನ್ನು ನಿಶ್ಚಯಿಸಲು ರವಿವರ್ಮರು ತಮ್ಮನಾದ ಸಿ. ರಾಜರಾಜವರ್ಮರೊಡನೆ ಉತ್ತರಭಾರತವನ್ನು ಸಂಚರಿಸಿದರು. ಎಲ್ಲರಿಗೂ ಸಮಾನವಾದ ಒಂದು ವೇಷ ಎಲ್ಲಿಯೂ ಕಾಣಲಿಲ್ಲ. ಕೊನೆಗೆ ಸೀರೆಯನ್ನೇ ಆರಿಸಿಕೊಂಡರು. ಮಾನುಷ ಮುಖಗಳಲ್ಲಿ ಕಂಡ ಸೌಮ್ಯತೆಯನ್ನೇ ದೇವಿಯರ ಮುಖಕ್ಕೆ ಇತ್ತರು.

1894ರಲ್ಲಿ ಅವರು ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಅರಮನೆಯ ಗೋಡೆಗಳಲ್ಲಿದ್ದ ಲಕ್ಷ್ಮೀ ಸರಸ್ವತಿಯರು ಅಲ್ಪಬೆಲೆಗೆ ಬಡವರ ಮನೆಗಳಿಗೂ ಬಂದರು. ದೇವಾಲಯದ ಬಾಗಿಲು ತಮಗೆ ಮುಚ್ಚಿದ್ದ ಜನರೂ ಸ್ವಗೃಹದಲ್ಲಿಯೇ ದೇವಿಯ ಮುಖವನ್ನು ಕಂಡು ದೀಪ ಹಚ್ಚುವಂತಾಯಿತು. ಆದರೆ ಆ ಉದ್ಯಮವು ಅವರನ್ನು ಸಾಲಕ್ಕೆ ಗುರಿಮಾಡಿತು. ಕೊನೆಗೆ ಮುದ್ರಣಾಲಯವನ್ನು ಜರ್ಮನ್ ಗೃಹಸ್ಥನೊಬ್ಬನಿಗೆ ಮಾರಬೇಕಾಯಿತು.

ಕಡೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಒಂಬತ್ತು ಪುರಾಣಚಿತ್ರಗಳ ಕಾರ್ಯವನ್ನು ಕೈಗೊಂಡರು. 1905ರಲ್ಲಿ ಸದಾ ಬಲಗೈಯಂತಿದ್ದ ತಮ್ಮನು ತೀರಿಕೊಂಡನು. 1906ನೆಯ ಇಸವಿ ಅಕ್ಟೋಬರ್ 2ರಂದು ರವಿವರ್ಮರೂ ಕಿಳಿಮಾನೂರಿನಲ್ಲಿ ದೈವಾಧೀನರಾದರು. ಪಟದ ಮುಂದೆ ಕೈಮುಗಿಯುವವರಲ್ಲಿ ಅನೇಕರು ಅವರ ಹೆಸರನ್ನು ಅರಿಯರು. ಆದರೂ ದೇವಿಯನ್ನು ನೆನೆದೊಡನೆ ಅವರ ಮನಸ್ಸಿನಲ್ಲಿ ಮೂಡುವ ರೂಪವು ಬಹುಮಟ್ಟಿಗೆ ಈ ಮಹನೀಯರ ಕುಂಚದಿಂದ ಬಂದುದೇ ಆಗಿದೆ.